ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್: ಕೆರಿಯರ್ ಕಾಲೇಜಿನಲ್ಲಿ ಸಹಿ ಹಾಕುವ ಮುನ್ನ

ಪ್ರಶ್ನೆ: ನನಗೆ 34 ವರ್ಷ. ದಾವಣಗೆರೆಯಲ್ಲಿ ಮೂರು ವರ್ಷದ ಬಿ.ಎಸ್ಸಿ. ಮುಗಿಸಿ, ಮದುವೆಯಾದ ಮೇಲೆ ಅಮೆರಿಕಕ್ಕೆ ಬಂದೆ. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಬಳಿ ಇದ್ದೇವೆ. ಇತ್ತೀಚೆಗೆ ಗ್ರೀನ್ ಕಾರ್ಡ್ ಬಂದಿದೆ, ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಮನೆಯ ಹತ್ತಿರದ ಖಾಸಗಿ ಕೆರಿಯರ್ ಕಾಲೇಜೊಂದರಲ್ಲಿ ಒಂಬತ್ತು ತಿಂಗಳ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಇದೆ. ಶುಲ್ಕ ಸುಮಾರು 20 ಸಾವಿರ ಡಾಲರ್. ಅಲ್ಲಿನ ಪ್ರವೇಶ ಸಲಹೆಗಾರರು ದಿನ ಬಿಟ್ಟು ದಿನ ಫೋನ್ ಮಾಡಿ, ಸರ್ಕಾರದ ಹಣ ಸಿಗುತ್ತದೆ, ಕೆಲಸ ಖಚಿತ, ಮುಂದೆ ನರ್ಸ್ ಆಗುವುದಕ್ಕೂ ಇದೇ ಮೊದಲ ಮೆಟ್ಟಿಲು ಎನ್ನುತ್ತಿದ್ದಾರೆ. ಸೇರಬಹುದೇ?

ಉತ್ತರ: ನೀವು ಆರಿಸಿಕೊಳ್ಳಲು ಹೊರಟಿರುವ ಕೆಲಸ ಒಳ್ಳೆಯದು, ಆದರೆ ಆ ಕೆಲಸಕ್ಕೆ ಹೋಗಲು ನಿಮಗೆ ತೋರಿಸಿರುವ ದಾರಿ ನಿಮ್ಮ ಪರಿಸ್ಥಿತಿಯಲ್ಲಿ ಮೊದಲನೆಯ ಆಯ್ಕೆಯಲ್ಲ, ಬಹುಶಃ ಎರಡನೆಯದೂ ಅಲ್ಲ. ಹಾಗೆಂದು ಸೇರಲೇಬೇಡಿ ಎಂದು ನಾನು ಹೇಳುವುದಿಲ್ಲ. ಕೆಲವು ಕಾಗದಗಳನ್ನು ಕೈಯಲ್ಲಿ ಹಿಡಿದು ಓದುವವರೆಗೆ ಸಹಿ ಹಾಕಬೇಡಿ ಎಂದು ಮಾತ್ರ ಖಚಿತವಾಗಿ ಹೇಳುತ್ತೇನೆ. ನಾನು ಸಮುದಾಯ ಕಾಲೇಜಿನಲ್ಲಿ, ಅಂದರೆ ಕಡಿಮೆ ಶುಲ್ಕದ ಸಾರ್ವಜನಿಕ ಕಾಲೇಜಿನಲ್ಲಿ, ಇದೇ ವಿಷಯವನ್ನು ಕಲಿಸುವವಳು. ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ, ಏಕೆಂದರೆ ಊರಿನಲ್ಲಿರುವ ಬಂಧುಗಳು ಮಾತ್ರವಲ್ಲ, ಇಲ್ಲೇ ಇರುವ ನಮ್ಮವರೂ ಇದನ್ನು ಫಿಸಿಶಿಯನ್ ಅಸಿಸ್ಟೆಂಟ್ ಹುದ್ದೆಯೊಡನೆ ಬೆರೆಸಿಬಿಡುತ್ತಾರೆ. ಫಿಸಿಶಿಯನ್ ಅಸಿಸ್ಟೆಂಟ್ ಆಗಲು ಸ್ನಾತಕೋತ್ತರ ಪದವಿ ಬೇಕು, ಅವರು ರೋಗನಿರ್ಣಯ ಮಾಡಿ ಔಷಧಿ ಬರೆಯುತ್ತಾರೆ. ಮೆಡಿಕಲ್ ಅಸಿಸ್ಟೆಂಟ್ ಹಾಗಲ್ಲ. ಹೆಚ್ಚಿನವರು ದುಡಿಯುವುದು ಆಸ್ಪತ್ರೆಯ ವಾರ್ಡಿನಲ್ಲಿಯೂ ಅಲ್ಲ, ವೈದ್ಯರ ಕ್ಲಿನಿಕ್ಕಿನಲ್ಲಿ. ಕಾಯುವ ಕೋಣೆಯಿಂದ ರೋಗಿಯನ್ನು ಕರೆದು, ತೂಕ ನೋಡಿ, ರಕ್ತದೊತ್ತಡ, ನಾಡಿ, ಜ್ವರ ಅಳೆದು, ಏಕೆ ಬಂದಿದ್ದೀರಿ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಯಾವುದಕ್ಕೆ ಅಲರ್ಜಿ ಇದೆ ಎಂದು ಕೇಳಿ ಕಂಪ್ಯೂಟರಿನ ದಾಖಲೆಯಲ್ಲಿ ತುಂಬಬೇಕು. ವೈದ್ಯರು ನೋಡಿ ಹೋದ ಮೇಲೆ ಅವರು ಹೇಳಿದ ಇಂಜೆಕ್ಷನ್ ಕೊಡುವುದು, ರಕ್ತ ತೆಗೆಯುವುದು, ಇಸಿಜಿ ಮಾಡುವುದು, ಉಪಕರಣಗಳನ್ನು ಆಟೋಕ್ಲೇವಿನಲ್ಲಿ ಶುದ್ಧೀಕರಿಸುವುದು ಇವೆಲ್ಲ ಇವೆ. ಇಷ್ಟೇ ಎಂದುಕೊಂಡು ಬರುವವರಿಗೆ ಮೊದಲ ತಿಂಗಳಲ್ಲಿ ಬೇಸರ ತರಿಸುವುದು ಉಳಿದ ಅರ್ಧ: ವಿಮಾ ಕಂಪನಿಗೆ ಫೋನ್ ಹಚ್ಚಿ ಸ್ಕ್ಯಾನಿಗೆ ಮುಂಗಡ ಅನುಮತಿ ಕೇಳುವುದು, ಔಷಧಿ ಅಂಗಡಿಯಿಂದ ಬಂದ ಮರುಪೂರೈಕೆ ಕೋರಿಕೆಗಳನ್ನು ವೈದ್ಯರ ಮುಂದಿಡುವುದು, ಬರಲಾಗದ ರೋಗಿಯ ಸಮಯವನ್ನು ಬೇರೊಬ್ಬರಿಗೆ ಹೊಂದಿಸುವುದು. ದಿನವಿಡೀ ಕಾಲ ಮೇಲೆ ನಿಂತು, ಜೊತೆಗೆ ಫೋನಿನಲ್ಲೂ ತಾಳ್ಮೆಯಿಂದ ಮಾತನಾಡಬಲ್ಲಿರಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಸಾಧ್ಯವಿದ್ದರೆ ನಿಮ್ಮ ಮಕ್ಕಳ ವೈದ್ಯರ ಕ್ಲಿನಿಕ್ಕಿನಲ್ಲಿರುವ ಮೆಡಿಕಲ್ ಅಸಿಸ್ಟೆಂಟರ ಬಳಿ ಹತ್ತು ನಿಮಿಷ ಮಾತನಾಡಿ. ಯಾವ ಕಾಲೇಜಿನ ಕೈಪಿಡಿಗಿಂತಲೂ ಅವರು ಹೆಚ್ಚು ಹೇಳುತ್ತಾರೆ.

ಈ ಕೆಲಸದ ಎಲ್ಲೆಯನ್ನು ಪ್ರತಿ ರಾಜ್ಯವೂ ತನ್ನ ಕಾನೂನಿನಲ್ಲಿ ಬೇರೆ ಬೇರೆಯಾಗಿ ಗೊತ್ತುಮಾಡಿದೆ. ವಾಷಿಂಗ್ಟನ್ ರಾಜ್ಯದಲ್ಲಿ 2013ರ ಜುಲೈಯಿಂದ ಮೆಡಿಕಲ್ ಅಸಿಸ್ಟೆಂಟರು ರಾಜ್ಯದಿಂದ ಅಧಿಕೃತ ಪರವಾನಗಿ ಪಡೆಯಬೇಕಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಪರವಾನಗಿ ಇಲ್ಲ. ಇಲ್ಲಿಯ ನಿಯಮದ ಪ್ರಕಾರ 18 ವರ್ಷ ತುಂಬಿದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಸ್ನಾಯುವಿಗೆ, ಚರ್ಮದ ಕೆಳಗೆ ಮತ್ತು ಚರ್ಮದೊಳಗೆ ಇಂಜೆಕ್ಷನ್ ಕೊಡಬಹುದು, ರಕ್ತ ತೆಗೆಯಬಹುದು. ಆದರೆ ಅದಕ್ಕೆ ಮೊದಲು ಇಂಜೆಕ್ಷನ್ ವಿಭಾಗದಲ್ಲಿ 10 ಗಂಟೆ, ರಕ್ತ ತೆಗೆಯುವ ವಿಭಾಗದಲ್ಲಿ 10 ಗಂಟೆ ತರಬೇತಿ ಪಡೆದು, ಪ್ರತಿಯೊಂದು ಬಗೆಯನ್ನೂ ಕನಿಷ್ಠ 10 ಬಾರಿ ಸರಿಯಾಗಿ ಮಾಡಿ ತೋರಿಸಿರಬೇಕು. ರಕ್ತನಾಳಕ್ಕೆ ಡ್ರಿಪ್ ಹಾಕುವಂತಿಲ್ಲ. ಎದೆನೋವು ಎಂದು ಫೋನ್ ಮಾಡಿದವರಿಗೆ ಏನೂ ಆಗುವುದಿಲ್ಲ, ನಾಳೆ ಬನ್ನಿ ಎಂದು ಸ್ವಂತ ತೀರ್ಮಾನದಿಂದ ಹೇಳುವಂತಿಲ್ಲ; ಆ ಕರೆಯನ್ನು ತಕ್ಷಣ ನರ್ಸಿಗೋ ವೈದ್ಯರಿಗೋ ದಾಟಿಸಬೇಕು. ಇಲ್ಲಿ ಫೋನಿನಲ್ಲಿ ಯಾರೂ ನಿಮಗೆ ಹೇಳದೆ ಉಳಿಸಿರಬಹುದಾದ ಒಂದು ಸಂಗತಿ ಇದೆ: ಈ ತರಬೇತಿಯನ್ನು ಮಾನ್ಯತೆ ಪಡೆದ ಶಾಲೆ ಕೊಡಬಹುದಾದಂತೆ ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲೂ ಕೊಡಬಹುದು. ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ದೃಷ್ಟಿಯಿಂದ ಯಾವ ಕಾಲೇಜಿನ ಪ್ರಮಾಣಪತ್ರವೂ ಕಡ್ಡಾಯವಲ್ಲ. ಕಡ್ಡಾಯ ಮಾಡುವವರು ಉದ್ಯೋಗದಾತರು. ದೊಡ್ಡ ಆರೋಗ್ಯ ಸಂಸ್ಥೆಗಳಲ್ಲಿ ರಾಷ್ಟ್ರಮಟ್ಟದ ಸರ್ಟಿಫಿಕೇಶನ್ ಇಲ್ಲದ ಅರ್ಜಿ ಬಹುಪಾಲು ಮೊದಲ ಜರಡಿಯಲ್ಲೇ ಕೆಳಗೆ ಬೀಳುತ್ತದೆ.

ಹಾಗಾದರೆ 20 ಸಾವಿರ ಡಾಲರ್ ಕೊಟ್ಟು ನೀವು ಕೊಂಡುಕೊಳ್ಳುವುದು ಏನನ್ನು? ಎರಡೇ ವಸ್ತುಗಳನ್ನು. ಒಂದು, ನಿಜವಾದ ಕ್ಲಿನಿಕ್ಕಿನಲ್ಲಿ ಕೈ ಪಳಗಿಸಿಕೊಳ್ಳುವ ಅವಕಾಶ. ಇಲ್ಲಿ ಅದನ್ನು ಎಕ್ಸ್‌ಟರ್ನ್‌ಶಿಪ್ ಎನ್ನುತ್ತಾರೆ. ಇನ್ನೊಂದು, ಸರ್ಟಿಫಿಕೇಶನ್ ಪರೀಕ್ಷೆಗೆ ಕೂರುವ ಅರ್ಹತೆ. ಅಂಗರಚನೆ, ವೈದ್ಯಕೀಯ ಪದಗಳ ಮೂಲ, ಇವನ್ನೆಲ್ಲ ಬಿ.ಎಸ್ಸಿ. ಓದಿದ ನಿಮಗೆ ಪುಸ್ತಕವೇ ಕಲಿಸೀತು. ಈ ಎರಡನ್ನು ಪುಸ್ತಕ ಕೊಡಲಾರದು. ಆದ್ದರಿಂದ ಕಾಲೇಜಿಗೆ ಕೇಳಬೇಕಾದ ಪ್ರಶ್ನೆಗಳೂ ಇವೆರಡರ ಸುತ್ತಲೇ ಇರಬೇಕು.

ಕೈ ಪಳಗುವುದು ಏಕೆ ಮುಖ್ಯ ಎಂಬುದಕ್ಕೆ ರಕ್ತ ತೆಗೆಯುವ ಕೆಲಸವನ್ನೇ ನೋಡಿ. ಒಂದೇ ಸೂಜಿಯಿಂದ ಮೂರು ನಾಲ್ಕು ಟ್ಯೂಬ್ ತುಂಬಬೇಕಾದಾಗ ಅವನ್ನು ಮನಸ್ಸಿಗೆ ಬಂದಂತೆ ಹಚ್ಚುವ ಹಾಗಿಲ್ಲ. ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ಬಳಸುವ ತಿಳಿನೀಲಿ ಮುಚ್ಚಳದ್ದು ಮೊದಲು, ಆಮೇಲೆ ಸೀರಮ್ಮಿಗೆ ಬೇಕಾದ ಕೆಂಪು ಅಥವಾ ಚಿನ್ನದ ಬಣ್ಣದ್ದು, ನಂತರ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು, ಆಮೇಲೆ ರಕ್ತಕಣಗಳ ಎಣಿಕೆಗೆ ಬೇಕಾದ ತಿಳಿನೇರಳೆ, ಕೊನೆಗೆ ಬೂದು. ತಿಳಿನೇರಳೆ ಟ್ಯೂಬಿನೊಳಗೆ ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಶಿಯಂ ಲವಣ ಇರುತ್ತದೆ. ಅದನ್ನು ಮೊದಲು ತುಂಬಿ ಆಮೇಲೆ ಚಿನ್ನದ ಬಣ್ಣದ್ದನ್ನು ಹಚ್ಚಿದರೆ ಸೂಜಿಗೆ ಅಂಟಿದ ತೀರ ಸಣ್ಣ ಅಂಶ ಮುಂದಿನ ಟ್ಯೂಬಿಗೆ ಸೇರಬಹುದು. ಆಗ ಲ್ಯಾಬಿನ ವರದಿಯಲ್ಲಿ ಪೊಟ್ಯಾಶಿಯಂ ಏರಿ, ಕ್ಯಾಲ್ಸಿಯಂ ಇಳಿದು ಕಾಣುತ್ತದೆ. ಪೊಟ್ಯಾಶಿಯಂ ಬಹಳ ಏರಿದರೆ ಹೃದಯದ ಬಡಿತವೇ ತಪ್ಪಬಹುದಾದ್ದರಿಂದ ವೈದ್ಯರು ಆರೋಗ್ಯವಾಗಿಯೇ ಇರುವ ಮನುಷ್ಯನಿಗೆ ರಾತ್ರಿ ಫೋನ್ ಮಾಡಿ ತುರ್ತು ಚಿಕಿತ್ಸಾ ಘಟಕಕ್ಕೆ ಓಡಿ ಎನ್ನಬೇಕಾಗುತ್ತದೆ. ರಕ್ತದೊತ್ತಡವೂ ಹಾಗೆಯೇ. ಪಟ್ಟಿ ತೋಳಿಗೆ ಚಿಕ್ಕದಾಗಿದ್ದರೆ, ಬಟ್ಟೆಯ ಮೇಲೆಯೇ ಸುತ್ತಿದರೆ, ರೋಗಿ ಕಾಲ ಮೇಲೆ ಕಾಲು ಹಾಕಿ ಕೂತು ಮಾತನಾಡುತ್ತಿದ್ದರೆ, ಅಂಕಿ ಇರುವುದಕ್ಕಿಂತ ಮೇಲಕ್ಕೆ ಹೋಗುತ್ತದೆ, ಆ ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸುವವರು ವೈದ್ಯರು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆಯಲು ಯಾರಿಗಾದರೂ ಬರುತ್ತದೆ. ಹಿಂದೆ ಐದು ಮಂದಿ ಕಾಯುತ್ತಿರುವಾಗ ಬಿಡದೆ ಮಾಡುವುದು ಕ್ಲಿನಿಕ್ಕಿನಲ್ಲೇ ಬರಬೇಕು. ಇಡೀ ಕೋರ್ಸನ್ನು ಆನ್‌ಲೈನಿನಲ್ಲೇ ಮುಗಿಸಿಕೊಡುತ್ತೇವೆ ಎನ್ನುವ ಸಂಸ್ಥೆಗಳನ್ನು ನಾನು ಶಿಫಾರಸು ಮಾಡದಿರುವುದು ಈ ಕಾರಣಕ್ಕೆ.

ಸಿಎಎಚ್‌ಇಪಿ ಎಂಬ ಮಾನ್ಯತಾ ಸಂಸ್ಥೆ ಕೋರ್ಸಿನ ಭಾಗವಾಗಿ ಕನಿಷ್ಠ 160 ಗಂಟೆಗಳ ಕ್ಲಿನಿಕ್ ತರಬೇತಿಯನ್ನು ಕೇಳುತ್ತದೆ. ನಿಮ್ಮ ಕಾಲೇಜಿಗೆ ಆ ಮಾನ್ಯತೆ ಇರಲಿ ಇಲ್ಲದಿರಲಿ, ಈ ಸಂಖ್ಯೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಎಕ್ಸ್‌ಟರ್ನ್‌ಶಿಪ್ ಎಷ್ಟು ಗಂಟೆ, ಕ್ಲಿನಿಕ್ಕನ್ನು ಹುಡುಕುವವರು ಕಾಲೇಜಿನವರೋ ನೀವೋ, ಕಳೆದ ತಂಡದವರು ಯಾವ ಯಾವ ಕ್ಲಿನಿಕ್ಕಿಗೆ ಹೋಗಿದ್ದರು, ಅಲ್ಲಿ ಅವರಿಗೆ ಇಂಜೆಕ್ಷನ್ ಕೊಡಲು ಬಿಟ್ಟರೋ ಫೈಲ್ ಜೋಡಿಸಲು ಕೂರಿಸಿದರೋ ಎಂದು ಕೇಳಿ. ಜಾಗವನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳುತ್ತಾರೆ ಎಂಬ ಉತ್ತರ ಬಂದರೆ ಅಲ್ಲಿಗೆ ಮಾತು ಮುಗಿಸಿ ಬರಬಹುದು. ಮನೆಯಿಂದ ಎಷ್ಟು ದೂರ ಎಂಬುದನ್ನೂ ಕೇಳಲು ಸಂಕೋಚ ಬೇಡ. ಮಕ್ಕಳನ್ನು ಮೂರು ಗಂಟೆಗೆ ಶಾಲೆಯಿಂದ ಕರೆತರಬೇಕಾದವರಿಗೆ, ಒಂದು ಗಂಟೆಯ ಹೆದ್ದಾರಿ ಪ್ರಯಾಣದ ಆಚೆ ಇರುವ ಕ್ಲಿನಿಕ್ ಇದ್ದೂ ಇಲ್ಲದಂತೆ.

ಮಾನ್ಯತೆಯ ವಿಷಯದಲ್ಲಿ ಎರಡು ಹಂತಗಳಿವೆ, ಮತ್ತು ಸಲಹೆಗಾರರು ಫೋನಿನಲ್ಲಿ ನಾವು ಅಕ್ರೆಡಿಟೆಡ್ ಎಂದಾಗ ಯಾವ ಹಂತದ್ದನ್ನು ಹೇಳುತ್ತಿದ್ದಾರೆ ಎಂಬುದು ಸ್ಪಷ್ಟವಿರುವುದಿಲ್ಲ. ಇಡೀ ಕಾಲೇಜಿಗೆ ಸಿಗುವ ಮಾನ್ಯತೆ ಒಂದು. ಕೇಂದ್ರ ಸರ್ಕಾರದ ಸಾಲ ಮತ್ತು ಅನುದಾನ ಸಿಗಬೇಕಾದರೆ ಅದು ಬೇಕು. ಮೆಡಿಕಲ್ ಅಸಿಸ್ಟಿಂಗ್ ಕೋರ್ಸಿಗೇ ಪ್ರತ್ಯೇಕವಾಗಿ ಸಿಗುವ ಮಾನ್ಯತೆ ಮತ್ತೊಂದು. ಅದನ್ನು ಕೊಡುವವು ಸಿಎಎಚ್‌ಇಪಿ ಮತ್ತು ಎಬಿಎಚ್‌ಇಎಸ್. ಈ ಎರಡನೆಯದಕ್ಕೆ ಬೆಲೆ ಏಕೆಂದರೆ, 1956ರಲ್ಲಿ ಸ್ಥಾಪನೆಯಾದ ಅಮೆರಿಕನ್ ಅಸೋಸಿಯೇಶನ್ ಆಫ್ ಮೆಡಿಕಲ್ ಅಸಿಸ್ಟೆಂಟ್ಸ್ ಕೊಡುವ ಸಿಎಂಎ ಎಂಬ ಸರ್ಟಿಫಿಕೇಶನ್‌ಗೆ ಹೋಗುವ ಮುಖ್ಯ ದಾರಿ ಈ ಮಾನ್ಯತೆಯಿರುವ ಕೋರ್ಸುಗಳ ಮೂಲಕವೇ ಇದೆ. 200 ಪ್ರಶ್ನೆಗಳ ಆ ಪರೀಕ್ಷೆ ಪಾಸಾದರೆ ಐದು ವರ್ಷ ಸಿಂಧು. ಇದಲ್ಲದೆ ಅಮೆರಿಕನ್ ಮೆಡಿಕಲ್ ಟೆಕ್ನಾಲಜಿಸ್ಟ್ಸ್ ಸಂಸ್ಥೆಯ ಆರ್‌ಎಂಎ, ನ್ಯಾಷನಲ್ ಹೆಲ್ತ್‌ಕೆರಿಯರ್ ಅಸೋಸಿಯೇಶನ್‌ನ ಸಿಸಿಎಂಎ ಪರೀಕ್ಷೆಗಳಿವೆ; ಅವುಗಳ ಬಾಗಿಲು ಸ್ವಲ್ಪ ಅಗಲ, ಅನೇಕ ಉದ್ಯೋಗದಾತರು ಮೂರನ್ನೂ ಒಪ್ಪುತ್ತಾರೆ. ನಿಮ್ಮ ಸುತ್ತಮುತ್ತಲ ಕ್ಲಿನಿಕ್ಕುಗಳ ಉದ್ಯೋಗ ಜಾಹೀರಾತುಗಳನ್ನು ಒಂದು ಸಂಜೆ ಕೂತು ಓದಿ, ಅವರು ಯಾವ ಸರ್ಟಿಫಿಕೇಶನ್ ಕೇಳುತ್ತಾರೆ ಎಂದು ಬರೆದುಕೊಳ್ಳಿ. ಅನಂತರ ನಿಮ್ಮ ಕೋರ್ಸ್ ಮುಗಿಸಿದವರು ಅವುಗಳಲ್ಲಿ ಯಾವುದಕ್ಕೆ ಅರ್ಹರು ಎಂಬ ಉತ್ತರವನ್ನು ಕಾಲೇಜಿನಿಂದ ಇಮೇಲಿನಲ್ಲಿ ತರಿಸಿಕೊಳ್ಳಿ. ಕಾಲೇಜು ತಾನೇ ಮುದ್ರಿಸಿ ಕೊಡುವ ಪ್ರಮಾಣಪತ್ರ ಬೇರೆ, ಈ ಸಂಸ್ಥೆಗಳು ಕೊಡುವ ಸರ್ಟಿಫಿಕೇಶನ್ ಬೇರೆ ಎಂಬುದನ್ನು ಮರೆಯಬೇಡಿ.

ಈಗ ಹಣದ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಇದೇ. ಸರ್ಕಾರದ ಹಣ ಎಂಬ ಮಾತಿನೊಳಗೆ ತೀರಿಸಬೇಕಿಲ್ಲದ ಪೆಲ್ ಅನುದಾನವೂ ಇದೆ, ಬಡ್ಡಿಸಮೇತ ತೀರಿಸಬೇಕಾದ ಸಾಲವೂ ಇದೆ. ಗ್ರೀನ್ ಕಾರ್ಡ್ ಇರುವ ನೀವು ಫಾಫ್ಸಾ ಎಂಬ ಕೇಂದ್ರ ಸರ್ಕಾರದ ನೆರವಿನ ಅರ್ಜಿ ತುಂಬಿ ಎರಡನ್ನೂ ಕೇಳಬಹುದೆಂಬುದು ನಿಜ. ಆದರೆ ಪೆಲ್ ಅನುದಾನ ಇರುವುದು ಇನ್ನೂ ಪದವಿ ಪಡೆಯದವರಿಗೆ, ಮತ್ತು ಹೊರದೇಶದ ಪದವಿಯೂ ಈ ಲೆಕ್ಕಕ್ಕೆ ಬರುತ್ತದೆ. ನಮ್ಮ ಮೂರು ವರ್ಷದ ಬಿ.ಎಸ್ಸಿ. ಇಲ್ಲಿಯ ನಾಲ್ಕು ವರ್ಷದ ಪದವಿಗೆ ಸಮವೇ ಅಲ್ಲವೇ ಎಂಬುದನ್ನು ಕಾಲೇಜಿನ ಹಣಕಾಸು ನೆರವಿನ ಕಚೇರಿ ಪರಿಶೀಲಿಸಿ ತೀರ್ಮಾನಿಸಬೇಕಾಗುತ್ತದೆ. ಸಮ ಎಂದಾದರೆ ಪೆಲ್ ಇಲ್ಲ, ಸಾಲ ಮಾತ್ರ. ನಿಮ್ಮ ಪದವಿಯ ಬಗ್ಗೆ ಒಂದು ಮಾತೂ ಕೇಳದೆ ಅನುದಾನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಆ ಮಾತನ್ನು ನೆಚ್ಚಿಕೊಳ್ಳಬೇಡಿ. ಪದವಿಯನ್ನು ಅರ್ಜಿಯಲ್ಲಿ ಹೇಳದೆ ಬಿಡಿ ಎಂದು ಸೂಚಿಸಿದರಂತೂ ಅಲ್ಲಿಂದ ಎದ್ದು ಬನ್ನಿ, ಏಕೆಂದರೆ ಸರ್ಕಾರದ ಅರ್ಜಿಯಲ್ಲಿ ಸುಳ್ಳು ಬರೆದ ಹೊಣೆ ನಿಮ್ಮದಾಗುತ್ತದೆ, ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗಲೂ ಅದು ಕಾಡಬಹುದು.

ಪೂರ್ತಿ 20 ಸಾವಿರ ಡಾಲರನ್ನು ಸಾಲವಾಗಿಯೇ ಪಡೆದು, ಬಡ್ಡಿ ಶೇ 6.5 ಎಂದು ಹಿಡಿದು, ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 227 ಡಾಲರ್ ಕಟ್ಟಬೇಕು. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ಪ್ರಕಾರ 2023ರ ಮೇ ತಿಂಗಳಲ್ಲಿ ಮೆಡಿಕಲ್ ಅಸಿಸ್ಟೆಂಟರ ಮಧ್ಯಾಂಕ ವಾರ್ಷಿಕ ವೇತನ 42,000 ಡಾಲರ್, ಅಂದರೆ ಗಂಟೆಗೆ 20 ಡಾಲರಿನ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಿಂತ ಹೆಚ್ಚಿದೆ. 2024ರ ಅಕ್ಟೋಬರ್ 16ರಿಂದ ಜಾರಿಗೆ ಬಂದ ಆರೋಗ್ಯ ಕಾರ್ಮಿಕರ ಕನಿಷ್ಠ ವೇತನ ಕಾನೂನಿನಂತೆ ಅತಿ ದೊಡ್ಡ ಆರೋಗ್ಯ ಸಂಸ್ಥೆಗಳು ಗಂಟೆಗೆ 23 ಡಾಲರಿನಿಂದ ಆರಂಭಿಸಿ ಹಂತಹಂತವಾಗಿ 25ಕ್ಕೆ ಏರಿಸಬೇಕು. ಒಬ್ಬಿಬ್ಬರು ವೈದ್ಯರೇ ನಡೆಸುವ ಸಣ್ಣ ಕ್ಲಿನಿಕ್ಕುಗಳು ಆ ಕಾನೂನಿನ ವ್ಯಾಪ್ತಿಯಲ್ಲಿಲ್ಲ, ಮತ್ತು ಹೊಸಬರಿಗೆ ಮೊದಲ ಕೆಲಸ ಸುಲಭವಾಗಿ ಸಿಗುವುದು ಅಂಥಲ್ಲೇ. ಸ್ಯಾನ್ ಹೋಸೆಯ ಬಾಡಿಗೆಯ ಮುಂದೆ ಈ ಸಂಬಳ ದೊಡ್ಡದೆಂದು ನಾನು ಹೇಳಲಾರೆ. ಎರಡನೆಯ ಆದಾಯವಾಗಿ, ಗೌರವದ ಕೆಲಸವಾಗಿ, ಆರೋಗ್ಯ ಕ್ಷೇತ್ರದೊಳಗೆ ಕಾಲಿಡುವ ಅವಕಾಶವಾಗಿ ಅದಕ್ಕೆ ಬೆಲೆ ಇದೆ.

ಇದೇ ವಿಷಯವನ್ನು ಸಮುದಾಯ ಕಾಲೇಜಿನಲ್ಲಿ ಓದಿದರೆ ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಪ್ರತಿ ಯೂನಿಟ್ಟಿಗೆ (ಪಾಠದ ಹೊರೆಯನ್ನು ಅಳೆಯುವ ಮಾನ) 46 ಡಾಲರ್. 30 ಯೂನಿಟ್ಟಿನ ಕೋರ್ಸ್ ಎಂದು ಹಿಡಿದರೂ ಬೋಧನಾ ಶುಲ್ಕ 1,380 ಡಾಲರ್. ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ ಸೇರಿಸಿದರೂ 20 ಸಾವಿರದ ಹತ್ತಿರಕ್ಕೆ ಬರುವುದಿಲ್ಲ. ವಯಸ್ಕರ ಶಿಕ್ಷಣ ಶಾಲೆಗಳಲ್ಲೂ ಈ ಕೋರ್ಸ್ ಕೆಲವೆಡೆ ಇದೆ, ಕೆಲವು ದೊಡ್ಡ ಆರೋಗ್ಯ ಸಂಸ್ಥೆಗಳು ಸಂಬಳ ಕೊಟ್ಟೇ ಕಲಿಸುವ ಅಪ್ರೆಂಟಿಸ್‌ಶಿಪ್ ನಡೆಸುತ್ತವೆ, ಎರಡನ್ನೂ ವಿಚಾರಿಸಿ. ಹಾಗಿದ್ದರೂ ಜನ ಕೆರಿಯರ್ ಕಾಲೇಜಿಗೆ ಹೋಗುವುದು ತಿಳಿಯದೆ ಅಲ್ಲ. ನಮ್ಮಲ್ಲಿ ಸೀಟು ಕಡಿಮೆ, ಪ್ರವೇಶ ವರ್ಷಕ್ಕೆ ಒಂದೆರಡು ಬಾರಿ, ಕೆಲವು ವಿಷಯಗಳು ಬೆಳಿಗ್ಗೆ ಮಾತ್ರ, ಒಂದು ವಿಷಯ ತಪ್ಪಿದರೆ ಆರು ತಿಂಗಳು ಕಾಯಬೇಕು. ಅವರಲ್ಲಿ ಕೆಲವೇ ವಾರಗಳಿಗೊಮ್ಮೆ ಹೊಸ ತಂಡ, ಸಂಜೆಯ ತರಗತಿ, ಬೇರೆ ವಿಷಯಗಳ ಹೊರೆಯಿಲ್ಲದ ನೇರ ಪಾಠಪಟ್ಟಿ. ಆರು ತಿಂಗಳು ಬೇಗ ದುಡಿಯಲು ಶುರುಮಾಡುವುದು ಮನೆಯ ಅನಿವಾರ್ಯವಾಗಿದ್ದರೆ ಆ ವೇಗಕ್ಕೆ ಹಣ ಕೊಡುವುದು ತಪ್ಪಲ್ಲ. ನಿಮ್ಮ ಪತ್ರದಲ್ಲಿ ಅಂಥ ಅವಸರ ನನಗೆ ಕಾಣಲಿಲ್ಲ. ಅವಸರ ಇರುವುದು ಫೋನ್ ಮಾಡುವವರಿಗೆ.

ಕೆಲಸ ಖಚಿತ ಎಂಬ ಮಾತನ್ನು ಪರೀಕ್ಷಿಸಲು ಕ್ಯಾಲಿಫೋರ್ನಿಯಾ ನಿಮಗೆ ಒಳ್ಳೆಯ ಸಾಧನ ಕೊಟ್ಟಿದೆ. ರಾಜ್ಯದ ಖಾಸಗಿ ಉನ್ನತ ಶಿಕ್ಷಣ ಬ್ಯೂರೋದ ಅಧೀನದಲ್ಲಿರುವ ಕಾಲೇಜು, ವಿದ್ಯಾರ್ಥಿ ಸಹಿ ಹಾಕುವ ಮೊದಲೇ ಸ್ಕೂಲ್ ಪರ್ಫಾರ್ಮೆನ್ಸ್ ಫ್ಯಾಕ್ಟ್ ಶೀಟ್ ಎಂಬ ಪತ್ರವನ್ನು ಕೈಗೆ ಕೊಡಬೇಕು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಅವಧಿಯೊಳಗೆ ಮುಗಿಸಿದರು, ಮುಗಿಸಿದವರಲ್ಲಿ ಎಷ್ಟು ಮಂದಿಗೆ ಈ ಕ್ಷೇತ್ರದಲ್ಲೇ ಕೆಲಸ ಸಿಕ್ಕಿತು, ಸಂಬಳ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಓದುವಾಗ ಒಂದು ಎಚ್ಚರ ಬೇಕು. ನೂರು ಮಂದಿ ಸೇರಿ ಅರವತ್ತು ಮಂದಿ ಮುಗಿಸಿ, ಅವರಲ್ಲಿ ಹತ್ತು ಮಂದಿ ಉದ್ಯೋಗಕ್ಕೆ ಲಭ್ಯರಿಲ್ಲ ಎಂದು ಬಿಟ್ಟು, ಉಳಿದ ಐವತ್ತರಲ್ಲಿ ನಲವತ್ತು ಮಂದಿಗೆ ಕೆಲಸ ಸಿಕ್ಕಿದ್ದರೆ ಕಾಲೇಜು ಶೇ 80 ಎಂದು ಬರೆಯುತ್ತದೆ. ಸೇರುವ ದಿನ ನಿಂತು ನೋಡುವ ನಿಮಗೆ ಅದು ನೂರಕ್ಕೆ ನಲವತ್ತು. ಇಬ್ಬರ ಲೆಕ್ಕವೂ ತಪ್ಪಲ್ಲ, ಆದರೆ ಸಾಲ ತೀರಿಸುವವರು ನೀವು. ವಾರಕ್ಕೆ ಎಷ್ಟು ಗಂಟೆಯ ಕೆಲಸ ಎಂಬ ಅಂಕಣವನ್ನೂ ನೋಡಿ.

ಈ ಎಚ್ಚರ ಅತಿಯಾಯಿತು ಎನ್ನಿಸಿದರೆ ನಿಮ್ಮದೇ ಊರಿನ ಸುತ್ತ ನಡೆದದ್ದನ್ನು ನೆನೆಯಿರಿ. 1863ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಹೀಲ್ಡ್ ಕಾಲೇಜು ಈ ಪ್ರದೇಶದಲ್ಲಿ ಹೆಸರಾದದ್ದು. ಕೊನೆಯ ವರ್ಷಗಳಲ್ಲಿ ಅದು ಕೊರಿಂಥಿಯನ್ ಕಾಲೇಜಸ್ ಎಂಬ ಕಂಪನಿಯ ಕೈಯಲ್ಲಿತ್ತು. ಅದೇ ಕಂಪನಿಯ ಎವರೆಸ್ಟ್ ಕಾಲೇಜುಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೆ ಸಾವಿರಾರು ಮಂದಿ ಸೇರುತ್ತಿದ್ದರು. ಹೀಲ್ಡ್ ತನ್ನ ಉದ್ಯೋಗ ಪ್ರಮಾಣವನ್ನು ತಪ್ಪಾಗಿ ತೋರಿಸಿದೆ ಎಂದು ಕೇಂದ್ರ ಶಿಕ್ಷಣ ಇಲಾಖೆ 2015ರ ಏಪ್ರಿಲ್‌ನಲ್ಲಿ ಸುಮಾರು 3 ಕೋಟಿ ಡಾಲರ್ ದಂಡ ವಿಧಿಸಿತು. ತಾತ್ಕಾಲಿಕ ಕೆಲಸಗಾರರನ್ನು ಒದಗಿಸುವ ಏಜೆನ್ಸಿಗಳಿಗೆ ಹಣ ಕೊಟ್ಟು ತನ್ನ ಪದವೀಧರರಿಗೆ ತನ್ನ ಆವರಣದಲ್ಲೇ ಅಲ್ಪಾವಧಿಯ ಕೆಲಸ ಕೊಡಿಸಿ, ಅವರನ್ನೂ ಉದ್ಯೋಗ ಸಿಕ್ಕವರ ಲೆಕ್ಕಕ್ಕೆ ಸೇರಿಸಿದ್ದು ಇಲಾಖೆಯ ಆಕ್ಷೇಪಗಳಲ್ಲಿ ಒಂದು. ಅದೇ ತಿಂಗಳ ಕೊನೆಗೆ ಕಂಪನಿ ಉಳಿದಿದ್ದ ಎಲ್ಲ ಆವರಣಗಳನ್ನೂ ಮುಚ್ಚಿತು, ಸುಮಾರು 16 ಸಾವಿರ ವಿದ್ಯಾರ್ಥಿಗಳು ನಡುದಾರಿಯಲ್ಲಿ ಉಳಿದರು. ಅವರ ಮತ್ತು ಹಿಂದಿನವರ ಸಾಲವನ್ನು ಸರ್ಕಾರ ಒಟ್ಟಾಗಿ ಮನ್ನಾ ಮಾಡುವ ಹೊತ್ತಿಗೆ 2022ರ ಜೂನ್ ಬಂದಿತ್ತು. 5 ಲಕ್ಷ 60 ಸಾವಿರ ಮಂದಿಯ 580 ಕೋಟಿ ಡಾಲರ್. ಎಲ್ಲ ಖಾಸಗಿ ಕಾಲೇಜುಗಳೂ ಹೀಗೆ ಎನ್ನುವುದು ಅನ್ಯಾಯವಾದೀತು. ಆದರೆ ಶತಮಾನದ ಹೆಸರು, ಮಾನ್ಯತೆ, ಸರ್ಕಾರಿ ಸಾಲ ಇವೆಲ್ಲ ಇದ್ದೂ ಹೀಗಾಯಿತು ಎಂಬುದನ್ನು ತಿಳಿದಿರಬೇಕು.

ಒಂದು ವೇಳೆ ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ, ಮೊದಲ ತರಗತಿಗೆ ಹಾಜರಾಗುವವರೆಗೆ ಅಥವಾ ಸೇರ್ಪಡೆಯ ಏಳನೆಯ ದಿನದವರೆಗೆ, ಎರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ, ಒಪ್ಪಂದವನ್ನು ರದ್ದು ಮಾಡುವ ಹಕ್ಕು ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿದೆ. ಅನಂತರವೂ ಕೋರ್ಸಿನ ಶೇ 60 ಮುಗಿಯುವವರೆಗೆ ಬಿಟ್ಟರೆ ಉಳಿದ ಭಾಗದ ಶುಲ್ಕ ಪ್ರಮಾಣಾನುಸಾರ ಮರಳಬೇಕು. ರದ್ದತಿಯನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಪ್ರತಿ ಇಟ್ಟುಕೊಳ್ಳಿ.

ನರ್ಸಿಂಗ್‌ಗೆ ಮೆಟ್ಟಿಲು ಎಂಬ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುವುದಿಲ್ಲ. ರಿಜಿಸ್ಟರ್ಡ್ ನರ್ಸ್ ಕೋರ್ಸಿಗೆ ಬೇಕಾಗುವುದು ಪ್ರಯೋಗಾಲಯ ಸಹಿತವಾದ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ; ಕೆರಿಯರ್ ಕಾಲೇಜಿನ ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿನ ಪಾಠಗಳು ಆ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಕ್ಲಿನಿಕ್ಕಿನ ಅನುಭವದಿಂದ ಅರ್ಜಿಗೆ ತೂಕ ಬರಬಹುದು, ಅಷ್ಟೇ. ನಿಮ್ಮ ಮನಸ್ಸಿನಲ್ಲಿ ನಿಜವಾಗಿ ಇರುವುದು ನರ್ಸಿಂಗ್ ಆಗಿದ್ದರೆ, ಮೊದಲು ನಿಮ್ಮ ಬಿ.ಎಸ್ಸಿ. ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ, ಬೇಕಾದ ವಿಷಯಗಳನ್ನು ಸಮುದಾಯ ಕಾಲೇಜಿನಲ್ಲಿ ಓದಲು ಶುರುಮಾಡಿ. ಅದರ ಜೊತೆಗೆ ಮೆಡಿಕಲ್ ಅಸಿಸ್ಟೆಂಟ್ ಆಗಿ ದುಡಿಯುವುದು ಬೇರೆ ಮಾತು.

ಇದೇ ಪ್ರಶ್ನೆ, ಮುಖ್ಯವಾಗಿ ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿರುವ ಕನ್ನಡತಿಯರಿಂದಲೂ ಬರುತ್ತಿರುವುದರಿಂದ ಅವರಿಗಾಗಿ ಎರಡು ಮಾತು. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ, ಕೇಂದ್ರ ಸರ್ಕಾರದ ಸಾಲ ಅನುದಾನ ಸಿಗುವುದಿಲ್ಲ, ಕೆಲಸದ ಪರವಾನಗಿ ಪ್ರತ್ಯೇಕವಾಗಿ ಸಿಗದೆ ದುಡಿಯುವಂತಿಲ್ಲ. ಸಂಬಳವಿಲ್ಲದ ಎಕ್ಸ್‌ಟರ್ನ್‌ಶಿಪ್ಪನ್ನೂ ವಲಸೆ ವಕೀಲರನ್ನು ಕೇಳಿಯೇ ಆರಂಭಿಸಬೇಕು. ಭಾರತದಿಂದಲೇ ವಿದ್ಯಾರ್ಥಿ ವೀಸಾದಲ್ಲಿ ಇಂಥ ವೃತ್ತಿ ಕೋರ್ಸಿಗೆ ಬರಬೇಕೆನ್ನುವವರಿಗೆ ಸಿಗುವುದು ಎಂ-1 ವೀಸಾ. ಅದರಲ್ಲಿ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ, ಹೆಚ್ಚೆಂದರೆ ಆರು ತಿಂಗಳ ಪ್ರಾಯೋಗಿಕ ತರಬೇತಿಗೆ ಅವಕಾಶ. ಈ ದೇಶದಲ್ಲಿದ್ದುಕೊಂಡೇ ಪದವಿ ಓದುವವರ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗುವಂತಿಲ್ಲ. ಪದವಿ ಬೇಡದ ಈ ಕೆಲಸಕ್ಕೆ ಎಚ್-1ಬಿ ಸಿಗುವ ದಾರಿಯೂ ಇಲ್ಲ. ಆ ಹಣವನ್ನು ಊರಿನಲ್ಲೇ ಬೇರೆ ಓದಿಗೆ ಹಾಕುವುದು ಮೇಲು.

ಯಾವ ಕಾಲೇಜು ಎಂದು ತೀರ್ಮಾನವಾಗುವ ಮೊದಲೇ ನೀವು ಮಾಡಬಹುದಾದ ಕೆಲಸ ಒಂದಿದೆ. ದ್ವಿತೀಯ ಪಿಯುಸಿ ಮತ್ತು ಪದವಿಯ ಅಂಕಪಟ್ಟಿಗಳನ್ನು, ಸಾಧ್ಯವಾದರೆ ಬಾಲ್ಯದ ಲಸಿಕೆ ಕಾರ್ಡನ್ನು ಊರಿನಿಂದ ತರಿಸಿಕೊಳ್ಳಿ. ಎಕ್ಸ್‌ಟರ್ನ್‌ಶಿಪ್ಪಿಗೆ ಕಳುಹಿಸುವ ಮೊದಲು ಕಾಲೇಜುಗಳು ಸಾಮಾನ್ಯವಾಗಿ ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆಯ ಅಥವಾ ರೋಗನಿರೋಧಕತೆಯ ದಾಖಲೆ ಕೇಳುತ್ತವೆ. ಕಾರ್ಡ್ ಕಳೆದುಹೋಗಿದ್ದರೆ ರಕ್ತಪರೀಕ್ಷೆಯಿಂದ ರೋಗನಿರೋಧಕತೆಯನ್ನು ತೋರಿಸಬಹುದು. ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ಕ್ರಮ ಮೂರು ಡೋಸ್‌ಗಳದ್ದು, ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಆರು ತಿಂಗಳು ಹಿಡಿಯುತ್ತದೆ. ಒಂಬತ್ತು ತಿಂಗಳ ಕೋರ್ಸಿನ ಮಧ್ಯದಲ್ಲಿ ಇದನ್ನು ಶುರುಮಾಡಿದವರು ಕ್ಲಿನಿಕ್ಕಿಗೆ ಹೋಗುವ ಸರದಿ ಬಂದಾಗ ಕಾಯುತ್ತ ಕೂರುತ್ತಾರೆ. ಕ್ಷಯರೋಗದ ಪರೀಕ್ಷೆಯಲ್ಲಿ ನಮ್ಮವರಿಗೆ ವಿಶೇಷ ತೊಡಕು ಬರುತ್ತದೆ. ಮೊಣಕೈ ಕೆಳಗೆ ಚರ್ಮದೊಳಗೆ ಚುಚ್ಚಿ, 48ರಿಂದ 72 ಗಂಟೆಗಳೊಳಗೆ ಗಟ್ಟಿಯಾದ ಊತವನ್ನು ಅಳೆಯುವ ಪರೀಕ್ಷೆ, ಹುಟ್ಟಿದಾಗ ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲಿ ರೋಗವಿಲ್ಲದಿದ್ದರೂ ಪಾಸಿಟಿವ್ ಬರಬಹುದು. ಎಡತೋಳಿನ ಬಿಸಿಜಿ ಕಲೆಯನ್ನು ತೋರಿಸಿ, ಚರ್ಮದ ಪರೀಕ್ಷೆಯ ಬದಲು ಐಜಿಆರ್‌ಎ ಎಂಬ ರಕ್ತಪರೀಕ್ಷೆ ಮಾಡಿ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಿಸಿಜಿಯಿಂದ ಅದರ ಫಲಿತಾಂಶ ಏರುಪೇರಾಗುವುದಿಲ್ಲ. ಅದೂ ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ತೆಗೆಸಬೇಕಾಗುತ್ತದೆ. ಎಕ್ಸ್‌ರೇ ಸರಿಯಾಗಿದ್ದು ಕೆಮ್ಮು ಜ್ವರ ಏನೂ ಇಲ್ಲದಿದ್ದರೆ ಅದು ಒಳಗೆ ಸುಪ್ತವಾಗಿರುವ ಸೋಂಕು, ಇನ್ನೊಬ್ಬರಿಗೆ ಹರಡುವಂಥದ್ದಲ್ಲ, ತರಬೇತಿಗೂ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಚಿಕಿತ್ಸೆ ತೆಗೆದುಕೊಳ್ಳಬೇಕೇ ಎಂಬುದನ್ನು ವೈದ್ಯರೊಡನೆ ಮಾತನಾಡಿ ತೀರ್ಮಾನಿಸಿ, ಆ ಎಕ್ಸ್‌ರೇ ವರದಿಯ ಪ್ರತಿಯನ್ನು ಜೋಪಾನವಾಗಿಟ್ಟುಕೊಳ್ಳಿ; ಮುಂದೆ ಸೇರುವ ಪ್ರತಿಯೊಂದು ಕ್ಲಿನಿಕ್ಕೂ ಅದನ್ನೇ ಕೇಳುತ್ತದೆ.